ಟ್ಯಾರೋ ಕಟ್ಟಿನ 56 ಕಿರಿಯ ಎಲೆಗಳನ್ನು ಓದುವ ಬಗೆ

ಶಕುನ ನೋಡಲು ಬಳಸುವ ಚಿತ್ರದ ಎಲೆಗಳ ಕಟ್ಟಾದ ಟ್ಯಾರೋವನ್ನು ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಮೂರ್ಖ, ಮಾಂತ್ರಿಕ, ಸಾವು, ಗೋಪುರ, ಸೂರ್ಯ ಮುಂತಾದ 22 ದೊಡ್ಡ ಎಲೆಗಳಿಗೆ. ಅವುಗಳ ಹೆಸರೇ ಕುತೂಹಲ ಕೆರಳಿಸುತ್ತದೆ, ಸಿನಿಮಾ ಧಾರಾವಾಹಿಗಳಲ್ಲಿ ಕಾಣಿಸಿಕೊಳ್ಳುವುದೂ ಅವೇ. ಆದರೆ 78 ಎಲೆಗಳ ಕಟ್ಟಿನಲ್ಲಿ ಉಳಿದ 56, ಎಂದರೆ ಮುಕ್ಕಾಲಿಗೆ ತುಸು ಕಡಿಮೆ ಪಾಲು, ಮೈನರ್ ಅರ್ಕಾನಾ ಎಂದು ಕರೆಯಲಾಗುವ ಕಿರಿಯ ಎಲೆಗಳು. ಚೆನ್ನಾಗಿ ಕಲಸಿ ಮೂರು ಎಲೆ ತೆಗೆದರೆ ಅವುಗಳಲ್ಲಿ ಎರಡಾದರೂ ಕಿರಿಯವಾಗಿರುವ ಸಾಧ್ಯತೆ ನೂರಕ್ಕೆ ಎಂಬತ್ತರಷ್ಟಿದೆ. ದೊಡ್ಡ ಎಲೆಗಳನ್ನಷ್ಟೇ ಕಲಿತು ಕುಳಿತವರು ಪ್ರತಿ ಸಲವೂ ಕೈಪಿಡಿ ತಿರುವಿಹಾಕುತ್ತಾ ತಡವರಿಸುವುದಕ್ಕೆ ಕಾರಣ ಇದೇ.

ಕಿರಿಯ ಎಲೆಗಳನ್ನು ಕಲಿಸುವವರು ಸಾಮಾನ್ಯವಾಗಿ ಒಂದೊಂದಕ್ಕೂ ನಾಲ್ಕೈದು ಅರ್ಥಗಳಿರುವ ಪಟ್ಟಿಯನ್ನು ಕೈಗಿತ್ತು ಬಾಯಿಪಾಠ ಮಾಡಲು ಹೇಳುತ್ತಾರೆ. ಇನ್ನೂರು ಮುನ್ನೂರು ಬಿಡಿ ಪದಗಳನ್ನು ನೆನಪಿಟ್ಟುಕೊಳ್ಳುವ ಈ ದಾರಿ ಅನಗತ್ಯವಾಗಿ ಕಷ್ಟದ್ದು ಎಂಬುದು ನನ್ನ ಅಭಿಪ್ರಾಯ. ದಂಡ, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಪಂಗಡಗಳ ಸ್ವಭಾವ, ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ನಡೆ, ರಾಜಪರಿವಾರದ ನಾಲ್ಕು ದರ್ಜೆಗಳು, ಹೀಗೆ ಹದಿನೆಂಟು ಸಂಗತಿಗಳು ಮನದಟ್ಟಾದರೆ ಐವತ್ತಾರಕ್ಕೂ ಬೇಕಾದ ಚೌಕಟ್ಟು ಸಿದ್ಧವಾಗುತ್ತದೆ. ಆಮೇಲೆ ಉಳಿಯುವುದು ಚಿತ್ರವನ್ನು ನಿಧಾನವಾಗಿ ನೋಡುವ ಕೆಲಸ. ಚೌಕಟ್ಟು ಒಂದು ಹೇಳಿ ಚಿತ್ರ ಇನ್ನೊಂದು ಹೇಳಿದಾಗ ಚಿತ್ರದ ಮಾತನ್ನೇ ಹಿಡಿಯಬೇಕು.

ಎಲೆಗಳು ಮುಂದಾಗುವುದನ್ನು ತಿಳಿಸಬಲ್ಲವು ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಮನಸ್ಸಿನಲ್ಲಿ ಕಲಸುಮೇಲೋಗರವಾಗಿರುವ ಒಂದು ಪ್ರಶ್ನೆಯನ್ನು ಬಿಡಿಸಿಟ್ಟುಕೊಂಡು ಬೇರೆ ಬೇರೆ ಕಡೆಯಿಂದ ನೋಡಲು ನೆರವಾಗುವ ಚಿತ್ರಮಾಲೆಯೆಂದು ಟ್ಯಾರೋವನ್ನು ಬಳಸುವವರಿಗಾಗಿ ಈ ಬರಹವಿದೆ. ಕಾಯಿಲೆ, ಕೋರ್ಟಿನ ವ್ಯಾಜ್ಯ, ಸಾಲ ಇಂಥ ವಿಷಯಗಳನ್ನು ಎಲೆಗಳ ಮುಂದಿಟ್ಟು ತೀರ್ಮಾನ ಕೇಳುವುದು ಯಾವ ಕಾರಣಕ್ಕೂ ತರವಲ್ಲ.

ಯಾವ ಕಟ್ಟಿನಿಂದ ಆರಂಭಿಸಬೇಕು

1909ರ ಡಿಸೆಂಬರಿನಲ್ಲಿ ಲಂಡನ್ನಿನ ವಿಲಿಯಂ ರೈಡರ್ ಅಂಡ್ ಸನ್ ಸಂಸ್ಥೆ ಹೊರತಂದ ಕಟ್ಟಿನಿಂದ ಆರಂಭಿಸುವುದು ಒಳ್ಳೆಯದು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು, ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಅವರವು. ಈಗ ಇದನ್ನು ರೈಡರ್-ವೇಟ್-ಸ್ಮಿತ್ ಎಂದು ಕರೆಯುತ್ತಾರೆ. ಅದಕ್ಕೂ ಮೊದಲಿನ ಮಾರ್ಸೇಲ್ ಮಾದರಿಯ ಕಟ್ಟುಗಳಲ್ಲಿ ಎರಡರಿಂದ ಹತ್ತರವರೆಗಿನ ಎಲೆಗಳ ಮೇಲೆ ಕಥೆಯೇ ಇರುತ್ತಿರಲಿಲ್ಲ. ನಮ್ಮ ಇಸ್ಪೀಟಿನಲ್ಲಿ ಆಟೀನ್ ಏಳು ಎಂದರೆ ಏಳು ಆಟೀನ್ ಗುರುತುಗಳಷ್ಟೇ ಇರುವಂತೆ, ಬಟ್ಟಲಿನ ಏಳು ಎಂದರೆ ಸಾಲಾಗಿಟ್ಟ ಏಳು ಬಟ್ಟಲುಗಳು ಮಾತ್ರ. ಸ್ಮಿತ್ ಆ ಎಲೆಗಳಲ್ಲೆಲ್ಲ ಮನುಷ್ಯರನ್ನೂ ಸನ್ನಿವೇಶಗಳನ್ನೂ ತಂದರು. ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರೇನಲ್ಲ. 1491ರ ಸುಮಾರಿಗೆ ಇಟಲಿಯಲ್ಲಿ ಅಚ್ಚಾದ ಸೋಲಾ ಬುಸ್ಕಾ ಎಂಬ ಕಟ್ಟಿನಲ್ಲಿ ಸಂಖ್ಯೆಯ ಎಲೆಗಳಿಗೂ ಪೂರ್ಣ ಚಿತ್ರಗಳಿದ್ದವು. 1907ರಲ್ಲಿ ಅದರ ಛಾಯಾಚಿತ್ರಗಳು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಹೃದಯಕ್ಕೆ ಮೂರು ಕತ್ತಿ ನೆಟ್ಟ ಚಿತ್ರ ಆ ಹಳೆಯ ಕಟ್ಟಿನಲ್ಲೂ ಇದೆ, ಸ್ಮಿತ್ ಅವರ ಕತ್ತಿಯ ಮೂರರಲ್ಲೂ ಇದೆ.

ಸ್ಮಿತ್ ಅವರ ಬಗ್ಗೆ ಇನ್ನೊಂದು ಸಂಗತಿ ಎಲೆ ಓದುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅವರು ಲಂಡನ್ನಿನ ಲೈಸಿಯಂ ರಂಗಮಂದಿರದ ತಂಡದೊಡನೆ ಓಡಾಡಿದ್ದವರು, ರಂಗಸಜ್ಜಿಕೆ ಮತ್ತು ಉಡುಪುಗಳ ವಿನ್ಯಾಸ ಬಲ್ಲವರು. ಹಲವು ಕಿರಿಯ ಎಲೆಗಳಲ್ಲಿ ಪಾತ್ರಗಳು ಚಪ್ಪಟೆ ನೆಲದ ಮೇಲೆ ನಿಂತಿರುವುದು, ಅವರ ಹಿಂದೆ ಒಂದು ಗೆರೆ ಹಾದು ಆಚೆಗಿನ ಊರು, ಬೆಟ್ಟಗಳು ಪರದೆಯ ಮೇಲೆ ಬರೆದಂತೆ ಕಾಣುವುದು ಗಮನಿಸಿದವರಿಗೆ ತಿಳಿಯುತ್ತದೆ. ಆದ್ದರಿಂದ ಪ್ರತಿ ಎಲೆಯನ್ನೂ ನಾಟಕದ ಒಂದು ದೃಶ್ಯವೆಂದು ನೋಡುವುದು ಈ ಕಟ್ಟಿಗೆ ಒಪ್ಪುವ ಕ್ರಮ. ರಂಗದ ಮೇಲೆ ಯಾರಿದ್ದಾರೆ, ಅವರ ಮುಖ ಯಾವ ಕಡೆಗಿದೆ, ಅವರಿಗೆ ಕಾಣದೆ ನಮಗೆ ಮಾತ್ರ ಕಾಣುತ್ತಿರುವುದು ಯಾವುದು, ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಕೈಪಿಡಿಯಿಲ್ಲದೆಯೂ ಅರ್ಧದಷ್ಟು ಓದು ಮುಗಿದಂತೆಯೇ. ಅಂದಹಾಗೆ, ಇಷ್ಟೊಂದು ಚಿತ್ರಗಳಿಗೆ ತಮಗೆ ಸಿಕ್ಕ ಹಣ ತೀರಾ ಕಡಿಮೆಯೆಂದು ಸ್ಮಿತ್ 1909ರಲ್ಲೇ ಸ್ನೇಹಿತ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅವರಿಗೆ ಕಾಗದ ಬರೆದಿದ್ದರು. ಎಲೆಗಳ ಮೂಲೆಯಲ್ಲಿ ಹಾವಿನಂತೆ ಸುತ್ತಿಕೊಂಡಿರುವ ಅವರ ಸಹಿಯನ್ನು ಹುಡುಕಿ ನೋಡಿ.

ನಾಲ್ಕು ಪಂಗಡಗಳು

ಟ್ಯಾರೋ ಹುಟ್ಟಿದ್ದು ಶಕುನಕ್ಕಲ್ಲ, ಆಟಕ್ಕೆ. 15ನೆಯ ಶತಮಾನದ ಉತ್ತರ ಇಟಲಿಯ ಶ್ರೀಮಂತ ಮನೆತನಗಳಲ್ಲಿ ಅದು ಮನರಂಜನೆಯಾಗಿತ್ತು. 1440ರ ದಶಕದ ಆರಂಭದ ದಾಖಲೆಗಳಲ್ಲಿ ಅದರ ಉಲ್ಲೇಖವಿದೆ, ಆ 22 ದೊಡ್ಡ ಎಲೆಗಳು ಆಟದಲ್ಲಿ ತುರುಪಿನ ಎಲೆಗಳಾಗಿದ್ದವು. ಪಂಗಡಗಳು ಟ್ಯಾರೋಗಿಂತಲೂ ಹಳೆಯವು. ಈಜಿಪ್ಟಿನ ಮಾಮ್ಲೂಕ್ ಸುಲ್ತಾನರ ಕಾಲದ ಎಲೆಗಳಲ್ಲಿ ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೋ ಆಟದ ಕೋಲು ಇದ್ದವು, ಅಂಥ ಒಂದು ಕಟ್ಟು ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಯಲ್ಲಿ ಇಂದಿಗೂ ಇದೆ. ಪೋಲೋ ಆಟ ಪರಿಚಯವಿಲ್ಲದ ಯುರೋಪಿನಲ್ಲಿ ಆ ಕೋಲು ಬರೀ ದಂಡವಾಯಿತು. ಎಲೆಗಳಿಗೆ ಗೂಢಾರ್ಥ ಹಚ್ಚುವ ಪದ್ಧತಿ ಬೆಳೆದದ್ದು 18ನೆಯ ಶತಮಾನದ ಪ್ಯಾರಿಸ್ಸಿನಲ್ಲಿ. 1781ರಲ್ಲಿ ಫ್ರೆಂಚ್ ವಿದ್ವಾಂಸ ಕೂರ್ ದ ಜೆಬೆಲಾಂ ಇವು ಪ್ರಾಚೀನ ಈಜಿಪ್ಟಿನ ಜ್ಞಾನವೆಂದು ಆಧಾರವಿಲ್ಲದೆ ಪ್ರತಿಪಾದಿಸಿದ ಮೇಲೆ ಅದು ಜೋರಾಯಿತು. ಬೆಂಕಿ, ನೀರು, ಗಾಳಿ, ಮಣ್ಣುಗಳನ್ನು ಪಂಗಡಗಳಿಗೆ ಈಗ ಬಳಕೆಯಲ್ಲಿರುವಂತೆ ಹೊಂದಿಸಿ ನೆಲೆಗೊಳಿಸಿದ್ದು ಇನ್ನೂ ಈಚೆಗೆ, 1888ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಗೋಲ್ಡನ್ ಡಾನ್ ಎಂಬ ಗೂಢಸಂಘದವರು. ಸಾವಿರಾರು ವರ್ಷಗಳ ರಹಸ್ಯ ಎಂದು ಯಾರಾದರೂ ಹೇಳಿದರೆ ಈ ಇಸವಿಗಳನ್ನು ನೆನಪಿಸಿಕೊಳ್ಳಬಹುದು.

ದಂಡ, ಎಂದರೆ ವಾಂಡ್ಸ್, ಬೆಂಕಿಯ ಪಂಗಡ. ಉತ್ಸಾಹ, ಹೊಸ ಕೆಲಸಕ್ಕೆ ಕೈಹಾಕುವ ಹುಮ್ಮಸ್ಸು, ಪೈಪೋಟಿ, ಹೆಸರು ಮಾಡುವ ಆಸೆ ಇದರ ಪಾಲಿಗೆ ಬರುತ್ತವೆ. ಬಟ್ಟಲು, ಎಂದರೆ ಕಪ್ಸ್, ನೀರಿನ ಪಂಗಡವಾಗಿದ್ದು ಪ್ರೀತಿ, ನೆಂಟಸ್ತಿಕೆ, ಸ್ನೇಹ, ನೆನಪು, ಮನಸ್ಸಿನ ನೋವು ನಲಿವುಗಳಿಗೆ ಸೇರಿದ್ದು. ಕತ್ತಿ, ಎಂದರೆ ಸ್ವೋರ್ಡ್ಸ್, ಗಾಳಿಯ ಪಂಗಡ. ಇದು ಯೋಚನೆ, ಮಾತು, ನಿರ್ಧಾರ, ವಾದ, ನ್ಯಾಯಗಳನ್ನು ತೋರಿಸುತ್ತದೆ. ನಾಣ್ಯ, ಎಂದರೆ ಪೆಂಟಕಲ್ಸ್, ಮಣ್ಣಿನ ಪಂಗಡ. ದುಡ್ಡು, ದೇಹ, ಮನೆ, ಜಮೀನು, ಕೈಕಸುಬು ಎಲ್ಲವೂ ಇದರಲ್ಲಿವೆ. ಮನೆಯ ಇಸ್ಪೀಟಿಗೆ ಹೊಂದಿಸುವುದಾದರೆ ದಂಡ ಕಳಾವರ್ ಆಗುತ್ತದೆ, ಬಟ್ಟಲು ಆಟೀನ್ ಆಗುತ್ತದೆ, ಕತ್ತಿ ಇಸ್ಪೀಟ್ ಆಗುತ್ತದೆ, ನಾಣ್ಯ ಡೈಮಂಡ್ ಆಗುತ್ತದೆ.

ಹೊಸಬರು ಎಡವುವ ಜಾಗಗಳು ಎರಡಿವೆ. ಮೊದಲನೆಯದು ದಂಡ ಮತ್ತು ನಾಣ್ಯಗಳ ಗೊಂದಲ, ಏಕೆಂದರೆ ಎರಡೂ ಕೆಲಸದ ವಿಷಯದಲ್ಲಿ ಬರುತ್ತವೆ. ಒಂದು ಅಂಗಡಿ ತೆರೆಯಬೇಕೆಂಬ ಹಂಬಲ, ಅದಕ್ಕಾಗಿ ಓಡಾಟ, ಎದುರಿನ ಅಂಗಡಿಯವನೊಡನೆ ಪೈಪೋಟಿ ದಂಡಕ್ಕೆ ಸೇರಿದವು. ಬಾಡಿಗೆ, ಮುಂಗಡ, ಸರಕು, ದಿನದ ಲೆಕ್ಕ, ನಿಂತು ನಿಂತು ನೋಯುವ ಕಾಲು ನಾಣ್ಯಕ್ಕೆ ಸೇರಿದವು. ಎರಡನೆಯದು ನಮ್ಮಲ್ಲಿ ಬೇರೂರಿರುವ ಪಂಚಭೂತಗಳ ಕಲ್ಪನೆ. ಇಲ್ಲಿರುವುದು ಗ್ರೀಕ್ ಮೂಲದ ನಾಲ್ಕು ಭೂತಗಳು ಮಾತ್ರ, ಆಕಾಶಕ್ಕೆ ಪಂಗಡವಿಲ್ಲ. ಕೆಲವರು ಆ ಐದನೆಯ ಸ್ಥಾನವನ್ನು 22 ದೊಡ್ಡ ಎಲೆಗಳಿಗೆ ಕೊಡುತ್ತಾರೆ. ನಮಗೆ ವಾಯು ಎಂದೊಡನೆ ಪ್ರಾಣ, ಉಸಿರು, ಇಲ್ಲವೇ ವಾತದ ನೆನಪಾದರೆ, ಟ್ಯಾರೋದಲ್ಲಿ ಗಾಳಿಯೆಂದರೆ ಬುದ್ಧಿ ಮತ್ತು ಮಾತು. ಕತ್ತಿಯ ಎಲೆಗಳನ್ನು ಉಸಿರಿಗೋ ಆರೋಗ್ಯಕ್ಕೋ ಹೊಂದಿಸಿ ಓದಿದರೆ ಓದು ದಾರಿ ತಪ್ಪುತ್ತದೆ.

ನೆಲದ ಮೇಲೆ ಹರಡಿ ನೋಡುವುದು

ಈಗ ಕಟ್ಟಿನಿಂದ 22 ದೊಡ್ಡ ಎಲೆಗಳನ್ನೂ 16 ರಾಜಪರಿವಾರದ ಎಲೆಗಳನ್ನೂ ತೆಗೆದು ಬದಿಗಿಡಿ. ಉಳಿದ 40 ಎಲೆಗಳನ್ನು ಚಾಪೆಯ ಮೇಲೆ ನಾಲ್ಕು ಸಾಲಾಗಿ, ಎಕ್ಕದಿಂದ ಹತ್ತರವರೆಗೆ ಎಡದಿಂದ ಬಲಕ್ಕೆ ಜೋಡಿಸಿ. ಮೇಲಿನ ಸಾಲು ದಂಡ, ಆಮೇಲೆ ಬಟ್ಟಲು, ಕತ್ತಿ, ನಾಣ್ಯ. ಮಗ್ಗಿಯ ಕೋಷ್ಟಕದಲ್ಲಿರುವಂತೆ ಇಲ್ಲಿಯೂ ಅಡ್ಡಸಾಲು ಒಂದನ್ನು ಹೇಳುತ್ತದೆ, ಕಂಬಸಾಲು ಇನ್ನೊಂದನ್ನು ಹೇಳುತ್ತದೆ, ಎರಡೂ ಸೇರುವಲ್ಲಿ ಎಲೆಯ ಅರ್ಥವಿದೆ. ಅಡ್ಡಸಾಲಿನಲ್ಲಿ ಒಂದು ಪಂಗಡದ ಕಥೆ ಆರಂಭದಿಂದ ಕೊನೆಯವರೆಗೆ ಸಾಗುವುದನ್ನು ಒಮ್ಮೆ ನೋಡಿ. ಹೆಚ್ಚು ಕಲಿಸುವುದು ಕಂಬಸಾಲು, ಆದ್ದರಿಂದ ಅದನ್ನೇ ಮತ್ತೆ ಮತ್ತೆ ನೋಡಿ.

ಎಕ್ಕಗಳು ನಾಲ್ಕರಲ್ಲೂ ಮೋಡದೊಳಗಿಂದ ಒಂದು ಕೈ ಹೊರಬಂದು ಪಂಗಡದ ಗುರುತನ್ನು ಚಾಚುತ್ತದೆ. ಸಿಕ್ಕದ್ದು ಅವಕಾಶ ಮಾತ್ರ, ಇನ್ನೂ ಯಾರೂ ಅದನ್ನು ತೆಗೆದುಕೊಂಡಿಲ್ಲ. ಎರಡುಗಳಲ್ಲಿ ತೂಗಾಟವಿದೆ. ನಾಣ್ಯದ ಎರಡರಲ್ಲಿ ಒಬ್ಬ ಎರಡು ನಾಣ್ಯಗಳನ್ನು ಆಡಿಸುತ್ತಿದ್ದಾನೆ, ಕತ್ತಿಯ ಎರಡರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸು ಎರಡು ಕತ್ತಿಗಳನ್ನು ಎದೆಯ ಮೇಲೆ ಅಡ್ಡಡ್ಡ ಹಿಡಿದು ಕೂತಿದ್ದಾಳೆ. ಮೂರುಗಳಲ್ಲಿ ಕೆಲಸ ಹೊರಗೆ ಕಾಣುವ ರೂಪ ಪಡೆಯುತ್ತದೆ. ದಂಡದ ಮೂರರಲ್ಲಿ ಹಡಗುಗಳು ಸಾಗಿವೆ, ಬಟ್ಟಲಿನ ಮೂರರಲ್ಲಿ ಗೆಳತಿಯರು ಸಂಭ್ರಮಿಸುತ್ತಿದ್ದಾರೆ, ನಾಣ್ಯದ ಮೂರರಲ್ಲಿ ಶಿಲ್ಪಿಯ ಕೆಲಸವನ್ನು ಇನ್ನಿಬ್ಬರು ನಕ್ಷೆ ಹಿಡಿದು ನೋಡುತ್ತಿದ್ದಾರೆ. ನಾಲ್ಕುಗಳಲ್ಲಿ ಎಲ್ಲವೂ ಒಂದು ಕಡೆ ನಿಲ್ಲುತ್ತದೆ. ಆ ನಿಲುಗಡೆ ದಂಡದಲ್ಲಿ ಹೂಮಾಲೆಯ ಚಪ್ಪರವಾದರೆ ಕತ್ತಿಯಲ್ಲಿ ವಿಶ್ರಾಂತಿ, ಬಟ್ಟಲಿನಲ್ಲಿ ಬೇಸರ, ನಾಣ್ಯದಲ್ಲಿ ಬಿಗಿಮುಷ್ಟಿ.

ಐದರ ಕಂಬಸಾಲಿಗೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಜನ ಹೆದರುವುದೂ ಅಲ್ಲೇ, ಕಲಿಯಲು ಸಿಗುವುದೂ ಅಲ್ಲೇ. ದಂಡದಲ್ಲಿ ಐವರು ಯುವಕರು ಕೋಲು ಬೀಸಾಡುತ್ತಿದ್ದಾರೆ. ಕತ್ತಿಯಲ್ಲಿ ಗೆದ್ದವನು ನಗುತ್ತಾ ಕತ್ತಿ ಬಾಚಿಕೊಳ್ಳುತ್ತಿದ್ದಾನೆ, ಸೋತ ಇಬ್ಬರು ಬೆನ್ನು ಹಾಕಿ ಹೋಗುತ್ತಿದ್ದಾರೆ. ನಾಣ್ಯದಲ್ಲಿ ಇಬ್ಬರು ಬಡವರು ಹಿಮದಲ್ಲಿ ನಡೆಯುತ್ತಿದ್ದಾರೆ, ಅವರ ತಲೆಯ ಮೇಲೆಯೇ ದೀಪ ಬೆಳಗಿದ ಬಣ್ಣದ ಗಾಜಿನ ಕಿಟಕಿಯಿದೆ. ಈಗ ಬಟ್ಟಲಿನ ಐದನ್ನು ಕೈಯಲ್ಲಿ ಹಿಡಿದು ನೋಡಿ. ಕಪ್ಪು ನಿಲುವಂಗಿಯ ವ್ಯಕ್ತಿ ತಲೆ ತಗ್ಗಿಸಿ ನಿಂತಿದ್ದಾನೆ, ಮುಂದೆ ಮೂರು ಬಟ್ಟಲುಗಳು ಉರುಳಿ ಒಳಗಿದ್ದದ್ದು ಚೆಲ್ಲಿದೆ. ಬೆನ್ನ ಹಿಂದೆ ಎರಡು ಬಟ್ಟಲುಗಳು ನೆಟ್ಟಗೆ ನಿಂತಿವೆ. ಎದುರಿಗೆ ನದಿ, ಆಚೆ ದಡದಲ್ಲಿ ಕೋಟೆ, ಅಲ್ಲಿಗೆ ಹೋಗಲು ಸೇತುವೆ. ಕೈಪಿಡಿಗಳು ಇದಕ್ಕೆ ನಷ್ಟ, ಶೋಕ, ಪಶ್ಚಾತ್ತಾಪ ಎಂದು ಬರೆದು ಮುಗಿಸುತ್ತವೆ. ಚಿತ್ರ ಅಷ್ಟಕ್ಕೆ ನಿಲ್ಲುವುದಿಲ್ಲ. ಚೆಲ್ಲಿದ್ದು ಮೂರು, ಉಳಿದದ್ದು ಎರಡು. ಉಳಿದದ್ದು ಅವನಿಗೆ ಕಾಣುತ್ತಿಲ್ಲ, ನಮಗೆ ಕಾಣುತ್ತಿದೆ. ಸೇತುವೆ ಮುರಿದಿಲ್ಲ. ಹಾಗೆಂದು ಕೇಳುವವರ ದುಃಖವನ್ನು ಬದಿಗೊತ್ತಿ ಹಿಂತಿರುಗಿ ನೋಡಿ ಎಂದು ಉಪದೇಶಿಸುವುದೂ ಸರಿಯಲ್ಲ. ಮೂರು ಬಟ್ಟಲು ಚೆಲ್ಲಿರುವುದು ನಿಜ, ಎಲೆಯ ಮುಂಭಾಗದಲ್ಲಿರುವುದೂ ಅವೇ. ಮೊದಲು ಚೆಲ್ಲಿದ್ದು ಯಾವುದೆಂದು ಕೇಳಿ, ಆಮೇಲೆ ನಿಂತಿರುವ ಎರಡು ಯಾವುವೆಂದು ಕೇಳಿ.

ಆರುಗಳಲ್ಲಿ ಪೆಟ್ಟಿನ ನಂತರದ ಚೇತರಿಕೆ ಮತ್ತು ಕೊಡುಕೊಳ್ಳುವಿಕೆ ಇದೆ. ದಂಡದಲ್ಲಿ ವಿಜಯದ ಮೆರವಣಿಗೆ, ಬಟ್ಟಲಿನಲ್ಲಿ ಹಳೆಯ ತೋಟದ ಮಕ್ಕಳು, ನಾಣ್ಯದಲ್ಲಿ ತಕ್ಕಡಿ ಹಿಡಿದು ದಾನ ಮಾಡುವ ವ್ಯಾಪಾರಿ, ಕತ್ತಿಯಲ್ಲಿ ತಾಯಿ ಮಗುವನ್ನು ದಾಟಿಸುವ ಅಂಬಿಗ. ಆ ದೋಣಿಯ ಒಂದು ಬದಿಯ ನೀರು ಕದಡಿದೆ, ಇನ್ನೊಂದು ಬದಿಯದು ತಿಳಿಯಾಗಿದೆ. ಏಳುಗಳಲ್ಲಿ ಮನುಷ್ಯ ಒಂಟಿಯಾಗಿ ಪರೀಕ್ಷೆಗೆ ಒಳಗಾಗುತ್ತಾನೆ. ಎಂಟುಗಳಿಗೆ ಒಂದೇ ಹೆಸರು ಕೊಡುವುದು ಕಷ್ಟ, ನಾನಂತೂ ಪ್ರಯತ್ನಿಸುವುದಿಲ್ಲ. ಹಾರುವ ದಂಡಗಳು, ಬಟ್ಟಲುಗಳನ್ನು ಬಿಟ್ಟು ನಡೆದವನು, ಕಟ್ಟಿಹಾಕಲ್ಪಟ್ಟ ಹೆಂಗಸು, ಒಂದೇ ಮನಸ್ಸಿನಿಂದ ನಾಣ್ಯ ಕೆತ್ತುತ್ತಿರುವ ಕಸುಬುದಾರ, ಇವರೆಲ್ಲ ಚಲನೆ ಮತ್ತು ತಡೆಗಳ ಕಡೆಗೆ ಬೊಟ್ಟು ಮಾಡುತ್ತಾರೆ ಎನ್ನುವಷ್ಟು ಹೇಳಬಹುದು.

ಒಂಬತ್ತು ಮತ್ತು ಹತ್ತುಗಳಲ್ಲಿ ಪಂಗಡ ತುಂಬಿಬರುತ್ತದೆ, ತುಂಬುವ ಬಗೆಯಲ್ಲಿ ನಾಲ್ಕು ಸಾಲುಗಳು ಎರಡಾಗಿ ಒಡೆಯುತ್ತವೆ. ಬಟ್ಟಲಿನ ಹತ್ತರಲ್ಲಿ ಕಾಮನಬಿಲ್ಲಿನ ಕೆಳಗೆ ಸಂಸಾರ ನಿಂತಿದೆ, ನಾಣ್ಯದ ಹತ್ತರಲ್ಲಿ ಮುದುಕ, ಜೋಡಿ, ಮಗು, ನಾಯಿಗಳ ತುಂಬಿದ ಮನೆಯಿದೆ. ದಂಡದ ಹತ್ತರಲ್ಲಿ ಒಬ್ಬ ಹೊರೆಯೊಳಗೆ ಮುಖ ಹುದುಗಿಸಿ ಊರ ಕಡೆ ಬಾಗಿ ನಡೆಯುತ್ತಿದ್ದಾನೆ, ಕತ್ತಿಯ ಹತ್ತರಲ್ಲಿ ಬೋರಲು ಬಿದ್ದವನ ಬೆನ್ನಲ್ಲಿ ಹತ್ತು ಕತ್ತಿಗಳಿವೆ. ಬಟ್ಟಲು ನಾಣ್ಯಗಳು ಹೆಚ್ಚಿದಷ್ಟೂ ಸಮೃದ್ಧಿ, ದಂಡ ಕತ್ತಿಗಳು ಹೆಚ್ಚಿದಷ್ಟೂ ಹೊರೆ ಎಂದು ನೆನಪಿಟ್ಟುಕೊಂಡರೆ ದೊಡ್ಡ ಸಂಖ್ಯೆಗಳು ಸುಲಭವಾಗುತ್ತವೆ. ಕುತೂಹಲದ ಸಂಗತಿಯೆಂದರೆ, ಇಟಲಿಯ ಹಳೆಯ ಟ್ಯಾರೋ ಆಟದಲ್ಲೂ ಇದೇ ಜೋಡಿಗಳು ಬೇರೆಯಾಗುತ್ತಿದ್ದವು. ದಂಡ, ಕತ್ತಿಗಳಲ್ಲಿ ಹತ್ತು ದೊಡ್ಡದು, ಬಟ್ಟಲು, ನಾಣ್ಯಗಳಲ್ಲಿ ಎಕ್ಕ ದೊಡ್ಡದು. ಮೊಘಲರ ಗಂಜೀಫ ಎಂಬ ಎಲೆಯಾಟದ ಎಂಟು ಪಂಗಡಗಳಲ್ಲೂ ಅರ್ಧಕ್ಕೆ ಹತ್ತು ಮೇಲು, ಇನ್ನರ್ಧಕ್ಕೆ ಒಂದು ಮೇಲು ಎಂಬ ನಿಯಮವಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಬೆಳೆಸಿದ ಗಂಜೀಫ ಎಲೆಗಳನ್ನು ಕಂಡವರಿಗೆ ಸಂಖ್ಯೆಯ ಎಲೆಗಳ ಮೇಲೆ ರಾಜ, ಮಂತ್ರಿಗಳಿರುವ ಆ ಏರ್ಪಾಡು ಟ್ಯಾರೋಗೆ ದೂರದ ನೆಂಟಸ್ತಿಕೆಯದು ಎನಿಸಿದರೆ ಆಶ್ಚರ್ಯವಿಲ್ಲ.

ಚೌಕಟ್ಟು ಕೈಕೊಡುವ ಜಾಗವನ್ನೂ ತಿಳಿದಿರಬೇಕು. ಮೂರರ ಕಂಬಸಾಲಿನಲ್ಲಿ ಉಳಿದ ಮೂರು ಎಲೆಗಳು ಬೆಳವಣಿಗೆಯನ್ನು ತೋರಿಸುತ್ತಿರುವಾಗ ಕತ್ತಿಯ ಮೂರರಲ್ಲಿ ಮಳೆ ಸುರಿಯುವ ಆಕಾಶದಡಿ ಇರಿತಕ್ಕೊಳಗಾದ ಹೃದಯವಿದೆ. ಗೋಲ್ಡನ್ ಡಾನ್‌ನವರು ಎರಡರಿಂದ ಹತ್ತರವರೆಗಿನ 36 ಎಲೆಗಳನ್ನು ರಾಶಿಚಕ್ರದ ಹತ್ತು ಹತ್ತು ಡಿಗ್ರಿಗಳಿಗೆ, ನಮ್ಮ ಜ್ಯೋತಿಷದಲ್ಲಿ ದ್ರೇಕ್ಕಾಣ ಎನ್ನುವ ಭಾಗಗಳಿಗೆ, ಹಂಚಿದ್ದರು. ಕತ್ತಿಯ ಮೂರಕ್ಕೆ ತುಲೆಯಲ್ಲಿರುವ ಶನಿ ಬಂದಿತು, ಅವರು ಇದಕ್ಕಿಟ್ಟ ಹೆಸರು ದುಃಖ. ಗ್ರಹಗತಿ ಬಲ್ಲ ನಮ್ಮ ಓದುಗರು ಶನಿಗೆ ತುಲೆ ಉಚ್ಚಸ್ಥಾನವಲ್ಲವೇ ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಟ್ಯಾರೋದ ಹಂಚಿಕೆಯನ್ನು ನಮ್ಮ ಜಾತಕ ಪದ್ಧತಿಯೊಡನೆ ಬೆರೆಸಿದರೆ ಎರಡೂ ಕೆಡುತ್ತವೆ. ಇಲ್ಲಿ ಚಿತ್ರ ನೇರವಾಗಿ ನೋವೆಂದು ಹೇಳುತ್ತಿದೆ, ಅಷ್ಟನ್ನು ಒಪ್ಪಿಕೊಂಡು ಮುಂದೆ ಹೋಗುವುದು ಲೇಸು.

ಕತ್ತಿಯ ಎಲೆಗಳು ಸಾಲಾಗಿ ಬಂದಾಗ ಗಾಬರಿಯಾಗುವವರಿಗೆ ಎಂಟು ಮತ್ತು ಒಂಬತ್ತನ್ನು ಹತ್ತಿರದಿಂದ ನೋಡಲು ಹೇಳುತ್ತೇನೆ. ಎಂಟರಲ್ಲಿ ಹೆಂಗಸಿನ ಕಣ್ಣು, ತೋಳು ಕಟ್ಟಿವೆ, ಸುತ್ತ ಕತ್ತಿಗಳಿವೆ, ಆದರೆ ಕಾಲು ಕಟ್ಟಿಲ್ಲ, ಎದುರಿನ ದಾರಿಗೂ ಬೇಲಿಯಿಲ್ಲ. ಒಂಬತ್ತರಲ್ಲಿ ಒಬ್ಬರು ನಡುರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡಿದ್ದಾರೆ. ಒಂಬತ್ತು ಕತ್ತಿಗಳೂ ಹಿಂದಿನ ಕತ್ತಲಲ್ಲಿವೆ, ಒಂದೂ ಮೈಗೆ ತಾಕಿಲ್ಲ. ಯೋಚನೆಯ ಪಂಗಡ ಎಂಬುದು ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಈ ಎರಡು ಎಲೆಗಳು ಬಂದಾಗ ಏನು ನಡೆಯಿತು ಎಂದು ಕೇಳುವುದಕ್ಕಿಂತ ಅದರ ಬಗ್ಗೆ ಏನು ಯೋಚಿಸುತ್ತಿದ್ದೀರಿ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ರಾಜಪರಿವಾರ

ಪ್ರತಿ ಪಂಗಡದಲ್ಲೂ ಪೇಜ್, ನೈಟ್, ರಾಣಿ, ರಾಜ ಎಂಬ ನಾಲ್ವರಿದ್ದಾರೆ. ಇಸ್ಪೀಟಿನ ಗುಲಾಮನ ಸ್ಥಾನದಲ್ಲಿರುವ ಪೇಜ್ ಕಲಿಯುವವನು, ನೈಟ್ ಅದನ್ನು ಹಿಡಿದು ಅತಿಗೆ ಹೋಗುವವನು, ರಾಣಿ ಒಳಗಿನಿಂದ ಅರಗಿಸಿಕೊಂಡವಳು, ರಾಜ ಹೊರಗೆ ಅಧಿಕಾರ ನಡೆಸುವವನು. ಇಸ್ಪೀಟಿನಲ್ಲಿ ಇಲ್ಲದವನು ಕುದುರೆ ಸವಾರ ನೈಟ್. ಪಂಗಡಗಳ ಸ್ವಭಾವ ಅವರ ಕುದುರೆಗಳಲ್ಲಿಯೇ ಬರೆದಂತಿದೆ. ಕತ್ತಿಯವನದು ನಾಗಾಲೋಟದಲ್ಲಿದೆ, ದಂಡದವನದು ಮುಂಗಾಲೆತ್ತಿದೆ, ಬಟ್ಟಲಿನವನದು ಮೆಲ್ಲಗೆ ಹೆಜ್ಜೆಯಿಡುತ್ತಿದೆ, ನಾಣ್ಯದವನದು ಉತ್ತ ಹೊಲದ ಮುಂದೆ ಅಲ್ಲಾಡದೆ ನಿಂತಿದೆ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಪರಿವಾರದ ಎಲೆ ಬಂದಾಗ ಅದು ಯಾರು ಎಂಬ ಪ್ರಶ್ನೆ ಏಳುತ್ತದೆ. ಹಳೆಯ ಯುರೋಪಿಯನ್ ಕೈಪಿಡಿಗಳು ಕೂದಲು ಮತ್ತು ಮೈಬಣ್ಣ ನೋಡಿ ಪಂಗಡ ಗೊತ್ತುಮಾಡಲು ಹೇಳುತ್ತವೆ. ಎಲ್ಲರಿಗೂ ಕಪ್ಪು ಕೂದಲಿರುವ ನಮ್ಮ ಮನೆಗಳಲ್ಲಿ ಆ ಕ್ರಮದಿಂದ ನಯಾಪೈಸೆಯ ಪ್ರಯೋಜನವಿಲ್ಲ. ನಡವಳಿಕೆಯನ್ನು ನೋಡಿ. ಕತ್ತಿಯ ರಾಣಿಯೆಂದರೆ ಮುಲಾಜಿಲ್ಲದೆ ಸತ್ಯ ಹೇಳುವ ಅತ್ತೆಯೂ ಆಗಬಹುದು, ಕಚೇರಿಯ ಹಿರಿಯ ಅಧಿಕಾರಿಯೂ ಆಗಬಹುದು, ಪುರುಷನೂ ಆಗಬಹುದು. ಯಾರೂ ಹೊಳೆಯದಿದ್ದರೆ ಕೇಳುವವರೇ ಈ ವಿಷಯದಲ್ಲಿ ಹಾಗೆ ನಡೆದುಕೊಳ್ಳುತ್ತಿದ್ದಾರೆಯೇ, ಅಥವಾ ಹಾಗೆ ನಡೆದುಕೊಳ್ಳುವ ಅಗತ್ಯವಿದೆಯೇ ಎಂದು ಯೋಚಿಸಿ.

ಮೂರು ಎಲೆಗಳ ಒಂದು ಓದು

ಪ್ರಶ್ನೆಯನ್ನು ಹೌದು ಅಥವಾ ಅಲ್ಲ ಎಂದು ಉತ್ತರಿಸುವಂತೆ ಕೇಳಬಾರದು. ಕೆಲಸ ಬಿಡಲೇ ಎಂದು ಕೇಳುವ ಬದಲು, ಕೆಲಸ ಬಿಡುವ ಮೊದಲು ಯಾವುದನ್ನು ಗಮನಿಸಬೇಕು ಎಂದು ಕೇಳಬೇಕು. ಎಲೆಗಳು ನಾಣ್ಯದ ಎಂಟು, ಕತ್ತಿಯ ಎರಡು, ದಂಡದ ನೈಟ್ ಎಂದಿಟ್ಟುಕೊಳ್ಳೋಣ. ಒಂದೊಂದಾಗಿ ಅರ್ಥ ಹುಡುಕುವ ಮೊದಲು ಮೂರನ್ನೂ ಒಟ್ಟಿಗೆ ನೋಡಿ. ಕಸುಬುದಾರ ತಲೆ ಬಗ್ಗಿಸಿ ಕೆತ್ತುತ್ತಿದ್ದಾನೆ, ಊರು ಅವನ ಹಿಂದೆ ದೂರದಲ್ಲಿದೆ. ನಡುವಿನ ಹೆಂಗಸು ಕಣ್ಣು ಕಟ್ಟಿಕೊಂಡು ಕೂತಿದ್ದಾಳೆ. ಕೊನೆಯವನ ಕುದುರೆ ಆಗಲೇ ಮುಂಗಾಲೆತ್ತಿದೆ. ಕೈಯಲ್ಲಿ ಕಸುಬಿದೆ, ಹೊರಡುವ ತವಕವೂ ಇದೆ, ಇವೆರಡರ ನಡುವೆ ನೋಡಲೊಲ್ಲದ ಒಂದು ಸಂಗತಿ ಕೂತಿದೆ ಎಂದು ಓದಬಹುದು. ಆ ಸಂಗತಿ ಯಾವುದೆಂದು ಎಲೆ ಹೇಳುವುದಿಲ್ಲ, ಕೇಳಿದವರೇ ಹೇಳಬೇಕು.

ಆಮೇಲೆ ಪಂಗಡಗಳನ್ನು ಎಣಿಸಿ. ಇಲ್ಲಿ ದುಡಿಮೆ, ಯೋಚನೆ, ಹುಮ್ಮಸ್ಸು ಮೂರೂ ಬಂದಿವೆ, ಬಟ್ಟಲು ಬಂದಿಲ್ಲ. ಮೂರೇ ಎಲೆಗಳಲ್ಲಿ ಒಂದು ಪಂಗಡ ತಪ್ಪುವುದು ತೀರ ಸಹಜವಾದರೂ, ಈ ವಿಷಯವನ್ನು ಮನೆಯವರೊಡನೆ ಮಾತಾಡಿದ್ದೀರಾ ಎಂಬ ಪ್ರಶ್ನೆಯನ್ನು ಕೇಳಲು ಅದೊಂದು ನೆಪವಾಗುತ್ತದೆ. ಹತ್ತು ಎಲೆ ಹರಡಿದಾಗಲೂ ಬಟ್ಟಲು ಬಾರದಿದ್ದರೆ ಆ ಪ್ರಶ್ನೆಗೆ ಇನ್ನಷ್ಟು ತೂಕ ಕೊಡಿ. ಒಂದೇ ಸಂಖ್ಯೆ ಎರಡು ಮೂರು ಸಲ ಬಂದರೆ ಆ ಕಂಬಸಾಲಿನ ಮಾತನ್ನು ನೆನಪಿಸಿಕೊಳ್ಳಿ.

ತಲೆಕೆಳಗಾಗಿ ಬಂದ ಎಲೆಗೆ ಬೇರೆ ಅರ್ಥ ಕೊಡುವ ಪದ್ಧತಿಯನ್ನು 18ನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದವರು ಎಟ್ಟೈಲಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಫ್ರೆಂಚ್ ಶಕುನಗಾರ. ಹೊಸಬರು ಅದನ್ನು ಸದ್ಯಕ್ಕೆ ಬಿಟ್ಟುಬಿಡುವುದು ಒಳ್ಳೆಯದು, ಎಲೆಯನ್ನು ನೇರ ಮಾಡಿಟ್ಟು ಓದಿ. ಒಂದೇ ಚಿತ್ರದಲ್ಲಿ ಒಳಿತು ಕೆಡುಕು ಎರಡೂ ಇರುವುದನ್ನು ಕಾಣುವ ಕಣ್ಣು ಬಂದ ಮೇಲೆ ಬೇಕಿದ್ದರೆ ಸೇರಿಸಿಕೊಳ್ಳಬಹುದು. ದಿನಕ್ಕೊಂದು ಕಿರಿಯ ಎಲೆ ತೆಗೆದು, ಬೆಳಿಗ್ಗೆ ಅದರಲ್ಲಿ ಕಂಡದ್ದನ್ನು ಎರಡು ಸಾಲು ಬರೆದು, ರಾತ್ರಿ ಅದರ ಕೆಳಗೆ ದಿನ ಹೇಗಿತ್ತೆಂದು ಒಂದು ಸಾಲು ಸೇರಿಸುವುದು ಈ ಅಭ್ಯಾಸಕ್ಕೆ ಸಾಕು.

ಬೇರೆ ಕಟ್ಟಿಗೆ ಹೋಗುವಾಗ ಮೊದಲು ಮೂರು ವಿಷಯ ಪರಿಶೀಲಿಸಿ. ಸಂಖ್ಯೆಯ ಎಲೆಗಳಲ್ಲಿ ಸನ್ನಿವೇಶವಿದೆಯೇ ಇಲ್ಲವೇ ನೋಡಿ, ಮಾರ್ಸೇಲ್ ಮಾದರಿಯಾದರೆ ಪಂಗಡ ಮತ್ತು ಸಂಖ್ಯೆಗಳ ಚೌಕಟ್ಟೊಂದೇ ಆಸರೆ. ದಂಡಕ್ಕೆ ಬೆಂಕಿ, ಕತ್ತಿಗೆ ಗಾಳಿ ಎಂಬ ಹೊಂದಿಕೆ ಹಾಗೆಯೇ ಇದೆಯೇ ನೋಡಿ, ಕೆಲವು ಹೊಸ ಕಟ್ಟುಗಳು ಅದನ್ನು ಅದಲುಬದಲು ಮಾಡಿವೆ. ರಾಜಪರಿವಾರದ ಹೆಸರುಗಳನ್ನೂ ನೋಡಿ. ಅಲಿಸ್ಟರ್ ಕ್ರೌಲಿ ಯೋಜಿಸಿ ಫ್ರೀಡಾ ಹ್ಯಾರಿಸ್ ಚಿತ್ರಿಸಿದ ಥೋತ್ ಕಟ್ಟಿನಲ್ಲಿ ನಾಣ್ಯಕ್ಕೆ ಡಿಸ್ಕ್ಸ್ ಎಂದು ಹೆಸರು, ರಾಜನೇ ಇಲ್ಲ, ಪರಿವಾರದ ತುದಿಯಲ್ಲಿ ಇರುವವನು ನೈಟ್, ಅವನ ಕೆಳಗೆ ರಾಣಿ, ರಾಜಕುಮಾರ, ರಾಜಕುಮಾರಿ ಬರುತ್ತಾರೆ. ಆದ್ದರಿಂದ ಒಂದು ಕಟ್ಟಿನ ನೈಟ್‌ಗೆ ಕಲಿತದ್ದನ್ನು ಇನ್ನೊಂದು ಕಟ್ಟಿನ ನೈಟ್‌ಗೆ ಹಾಗೆಯೇ ಹೊಂದಿಸಲಾಗದು.